ನಮ್ಮ ಮನೆಯ ‘ಆಯ್ತು’

ಬೀದಿಗೆ ನಿದ್ದೆ ಬಾರದಿರುವುದಕ್ಕೆ ನನ್ನ ಮಗಳೇ ಕಾರಣ ಎಂದು ಮೊದಲು ಬಾಯಿಬಿಟ್ಟು ಹೇಳಿದವನು ಎದುರುಮನೆಯ ಟೈಲರ್ ಜಯಣ್ಣ. ಹಾಲಿನ ಅಂಗಡಿಯ ಮುಂದೆ ಐದಾರು ಜನ ಪಾತ್ರೆ ಹಿಡಿದು ನಿಂತಿರುವಾಗ, ಎಲ್ಲರಿಗೂ ಕೇಳಲಿ ಎಂದೇ ಹೇಳಿದ. ಅವನ ಕಣ್ಣುಗಳು ಮೆಣಸಿನಪುಡಿ ಬಿದ್ದ ಹಾಗೆ ಕೆಂಪಗಿದ್ದವು. ನನ್ನವೂ ಹಾಗೇ ಇದ್ದಿರಬೇಕು.

"ವಿಶಾಲಕ್ಕಾ, ನಿಮ್ ಹುಡ್ಗೀನ ಸ್ವಲ್ಪ ಮಲಗಿಸ್ಕೊಳ್ರೀ. ನಿನ್ನೆ ಒಬ್ಬರ ಷರ್ಟಿಗೆ ಎರಡೂ ತೋಳು ಒಂದೇ ಕಡೆ ಹೊಲಿದಿದೀನಿ."

"ನೀವು ನಿದ್ದೆ ಮಾಡ್ತಿದ್ದ ಕಾಲದಲ್ಲೂ ಹಾಗೇ ಹೊಲೀತಿದ್ರಿ ಜಯಣ್ಣ," ಎಂದೆ. ಸಾಲಿನಲ್ಲಿದ್ದವರು ನಕ್ಕರು. ನಾನು ನಗಲಿಲ್ಲ. ಹಾಲು ತೆಗೆದುಕೊಂಡು ಸಿಟ್ಟಿನಲ್ಲಿ ಬಿರಬಿರನೆ ನಡೆದು ಮನೆ ಸೇರುವಷ್ಟರಲ್ಲಿ ಅರ್ಧ ಹಾಲು ಸೀರೆಯ ಮೇಲೆ ಚೆಲ್ಲಿತ್ತು. ಏಕೆಂದರೆ ನಾನು ಆಗಲೇ ಮಗಳ ಫೋನಿಗೆ ಬೀಗ ಹಾಕಿಸಿದ್ದೆ. ಬೀದಿಯಲ್ಲಿ ಹಾಗೆ ಹಾಕಿಸಿದ್ದವಳು ನಾನೊಬ್ಬಳೇ.

ನಮ್ಮದು ಹದಿನಾರು ಮನೆಯ ಬೀದಿ. ರಾತ್ರಿ ಊಟ ಮುಗಿದು, ಪಾತ್ರೆ ತೊಳೆದು, ಹಾಸಿಗೆ ಹಾಸಿದ ಮೇಲೆ ಮೊದಲನೆ ಮನೆಯ ಬಾಗಿಲಿಂದ "ಆಯ್ತು" ಎಂಬ ಕೂಗು ಬರುತ್ತದೆ. ಅದನ್ನು ಕೇಳಿ ಎರಡನೆ ಮನೆ ಕೂಗುತ್ತದೆ, ಆಮೇಲೆ ಮೂರನೆಯದು. ಹೀಗೆ ಕೂಗು ಬೀದಿಯುದ್ದ ನಡೆದುಕೊಂಡು ಹೋಗಿ ಕೊನೆಯ ಮನೆಯ ಕಮಲಾಕ್ಷಮ್ಮ "ಎಲ್ಲಾ ಆಯ್ತು" ಎಂದು ಎಳೆದು ಕೂಗಿದರೆ ಇಡೀ ಬೀದಿಗೆ ಒಮ್ಮೆಗೇ ನಿದ್ದೆ ಬರುತ್ತದೆ. ಒಬ್ಬರು ಎಚ್ಚರವಿದ್ದರೂ ಯಾರಿಗೂ ಬರುವುದಿಲ್ಲ. ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ. ಅದಕ್ಕೇ ನಮ್ಮಲ್ಲಿ ಸಂಜೆಯಾದ ಮೇಲೆ ಮಜ್ಜಿಗೆ ಕುಡಿಯುವುದಿಲ್ಲ. ಜಯಣ್ಣನ ಅಪ್ಪನಿಗೆ ಮಾತ್ರ ವಯಸ್ಸಾಗಿ ತಡೆಯಲಾಗುತ್ತಿರಲಿಲ್ಲ. ಅವರು ಎದ್ದ ರಾತ್ರಿ ಹದಿನಾರು ಮನೆಯ ದೀಪಗಳೂ ಹತ್ತುತ್ತಿದ್ದವು. ಎದ್ದಿದ್ದಾಯಿತಲ್ಲ ಎಂದು ಎಲ್ಲರೂ ಬಚ್ಚಲಿಗೆ ಹೋಗಿ ಬರುತ್ತಿದ್ದರು, ಕಾಂಪೌಂಡಿನ ಮೇಲಿಂದ "ನಾಳೆ ನೀರು ಬಿಡ್ತಾರಂತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು, ಮತ್ತೆ ಮೊದಲ ಮನೆಯಿಂದ ಕೂಗು ಶುರುವಾಗುತ್ತಿತ್ತು. ಹೊಸದಾಗಿ ಮದುವೆಯಾದವರ ಮನೆಯಿಂದ ಕೂಗು ತಡವಾದರೆ ಬೀದಿ ಒಂದು ತಿಂಗಳು ಸಹಿಸಿಕೊಳ್ಳುತ್ತದೆ. ಆಮೇಲೆ ಯಾರಾದರೂ ಜೋರಾಗಿ ಕೆಮ್ಮುತ್ತಾರೆ.

ಕೂಗುವ ದನಿ ಮನೆಗೊಂದೇ. ಬೇರೆಯವರು ಕೂಗಿದರೆ ಸಾಲು ಅಲ್ಲಿಗೇ ತುಂಡಾಗುತ್ತದೆ. ನಮ್ಮ ಮನೆಯದು ಅತ್ತೆಯ ದನಿಯಾಗಿತ್ತು. ಅವರು ಹೋದ ಮೇಲೆ ನನ್ನದಾಯಿತು. ನಾನು ಎಂದೂ ಕೂಗು ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಬಾಗಿಲ ಚೌಕಟ್ಟು ಹಿಡಿದು ನಿಂತು ಕೂಗಿದ್ದೇನೆ.

ರಾತ್ರಿ ಅಳುವ ಕೂಸುಗಳನ್ನು ತಾಯಂದಿರ ಸಮೇತ, ರಾತ್ರಿಪಾಳಿಯ ಕೆಲಸದವರನ್ನು, ಕೆಮ್ಮು ನಿಲ್ಲದವರನ್ನು ಸೇತುವೆಯಾಚೆಯ ಛತ್ರದಲ್ಲಿ ಇಡುತ್ತಾರೆ. ಅಲ್ಲಿ ಯಾರು ಯಾವಾಗ ಬೇಕಾದರೂ ಮಲಗಬಹುದು, ಏಳಬಹುದು, ಅವರವರ ಪಾಡು ಅವರದು. ಸೇತುವೆ ದಾಟಿದ ಕೂಡಲೇ ಬಸ್ಸಿನಲ್ಲಿ ಕೂತವರ ತಲೆಗಳೆಲ್ಲ ಸಾಲಾಗಿ ವಾಲುವುದನ್ನು ನೀವು ನೋಡಬೇಕು. ಕಂಡಕ್ಟರ್ ಬುದ್ಧಿವಂತ, ಟಿಕೆಟ್ಟೆಲ್ಲ ಸೇತುವೆಯ ಈಚೆಯೇ ಹರಿದು ಮುಗಿಸುತ್ತಾನೆ. ಇತ್ತೀಚೆಗೆ ಕೆಲಸವಿಲ್ಲದವರೂ ಬಸ್ಸು ಹತ್ತತೊಡಗಿದ್ದರು. ಆಚೆ ಊರಿನವರೆಗೆ ಮಲಗಿಕೊಂಡು ಹೋಗುವುದು, ಮಲಗಿಕೊಂಡು ಬರುವುದು. ಬೀದಿಯ ಸ್ಥಿತಿ ಅಲ್ಲಿಗೆ ಬಂದಿತ್ತು.

ಪ್ರಣತಿಗೆ ಹದಿಮೂರು. ಫೋನು ಅವಳು ಕೇಳಿದ್ದಲ್ಲ, ಶಾಲೆಯವರು ಹೋಮ್‌ವರ್ಕನ್ನು ಗ್ರೂಪಿಗೆ ಹಾಕುತ್ತೇವೆ ಎಂದಾಗ ನನ್ನ ಗಂಡ ಮಹದೇಶ ತಂದುಕೊಟ್ಟದ್ದು. ಒಂದು ರಾತ್ರಿ ಕಮಲಾಕ್ಷಮ್ಮ "ಎಲ್ಲಾ ಆಯ್ತು" ಎಂದು ಎರಡು ಸಲ ಕೂಗಿದರೂ ನಿದ್ದೆ ಬಾರದೆ ಹೊರಳುತ್ತಿದ್ದಾಗ ಅವಳ ಹೊದಿಕೆಯ ಒಳಗಿನಿಂದ ನೀಲಿ ಬೆಳಕು ಕಂಡಿತು. ಹೊದಿಕೆ ಕಿತ್ತೆಸೆದೆ. ಅವಳು ಕಳ್ಳಿಯ ಹಾಗೆ ಬೆಚ್ಚಲಿಲ್ಲ, ಫೋನನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು. ಹದಿಮೂರು ವರ್ಷದ ಹುಡುಗಿಯ ಕೈಯಲ್ಲಿ ಆ ಹೊತ್ತಿಗೆ ಏನಿರಬಹುದೆಂದು ಟೀವಿಯವರು ಹೇಳಿದ್ದೆಲ್ಲ ತಲೆಯಲ್ಲಿ ಸುತ್ತಿತು. ಮಾರನೆ ದಿನವೇ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಗೆ ಹೋದೆ.

ಅಂಗಡಿಯ ಸಾದಿಕ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಮ್ಮಾ, ಇದರಲ್ಲಿ ಅಂಥಾದ್ದೇನೂ ಇಲ್ಲ. ರಾತ್ರಿಯೆಲ್ಲ ಒಂದೇ ನೋಡಿದಾಳೆ. ಎಲ್ಲೋ ಒಂದು ಆನೆ ಕ್ಯಾಂಪಿಂದು ಲೈವು. ಒಂದು ಮರಿ ಆನೆ."

"ಆನೆ ಏನು ಮಾಡುತ್ತೆ?"

"ಏನೂ ಮಾಡಲ್ಲ. ಮಲಗಿರುತ್ತೆ."

ಹೇಳಬೇಕೆಂದರೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹದಿನಾರು ಮನೆಯ ಜನ ಕಣ್ಣು ಉರಿಸಿಕೊಂಡು ಬಿದ್ದಿರುವುದು ಒಂದು ಮಲಗಿದ ಆನೆಯಿಂದಲೇ? "ಹಾಕು ಬೀಗ," ಎಂದೆ. ರಾತ್ರಿ ಒಂಬತ್ತಕ್ಕೆ ನೆಟ್ ಬಂದ್, ಬೆಳಿಗ್ಗೆ ಆರಕ್ಕೆ ಶುರು. ನನ್ನ ಫೋನಿನಿಂದ ಮಾತ್ರ ಅದನ್ನು ಬಿಚ್ಚಬಹುದು. ಸಾದಿಕ್ ಪಾಸ್‌ವರ್ಡ್ ಕೇಳಿದಾಗ ಅವನಿಗೆ ಕಾಣದ ಹಾಗೆ ಸೆರಗು ಅಡ್ಡ ಹಿಡಿದು ಒತ್ತಿದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಪ್ರಣತಿ ಮುದ್ದೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಎಲ್ಲಾರ್ಗೂನಾ, ನನಗೊಬ್ಬಳಿಗೇನಾ?"

"ನಿನಗೆ."

"ಅಪ್ಪ ಬಚ್ಚಲಲ್ಲಿ ಕೂತು ರೀಲ್ಸ್ ನೋಡ್ತಾರಲ್ಲ, ಅದು?"

ಮಹದೇಶನಿಗೆ ಇದ್ದಕ್ಕಿದ್ದಂತೆ ಸಾರಿನಲ್ಲಿ ಏನೋ ಕಾಣಿಸಿತು, ಬಗ್ಗಿ ಹುಡುಕತೊಡಗಿದ.

"ಅಪ್ಪ ದುಡೀತಾರೆ," ಎಂದೆ.

"ದುಡಿಯೋರಿಗೆ ನಿದ್ದೆ ಬೇಡ್ವಾ?"

"ಎದುರು ಮಾತಾಡ್ಬೇಡ."

"ನಾನು ಎದುರು ಮಾತಾಡ್ತಿಲ್ಲ ಅಮ್ಮ, ಕೇಳ್ತಿದೀನಿ. ನನ್ನೊಬ್ಬಳದ್ದೇ ಬಂದ್ ಮಾಡಿದ್ರೆ ನಿದ್ದೆ ಬರುತ್ತಾ? ಬರುತ್ತೆ ಅಂದ್ರೆ ಈಗ್ಲೇ ಫೋನ್ ಒಲೆಗೆ ಹಾಕು."

ಅವಳು ತಟ್ಟೆ ಬಿಟ್ಟು ಎದ್ದಳು. ನಾನು ಹಿಂದಿನಿಂದ ಕೂಗಾಡಿದೆ. ಆ ಹುಡುಗಿಯ ಬಾಯಿ ನನ್ನದೇ. ಅದಕ್ಕೇ ನನಗೆ ಅಷ್ಟು ಉರಿಯುವುದು.

ಬೀಗ ಕೆಲಸ ಮಾಡಿತು. ಒಂಬತ್ತಾದ ಮೇಲೆ ಅವಳ ಫೋನು ಫ್ರಿಜ್ಜಿನ ತಲೆಯ ಮೇಲೆ ಸತ್ತುಬಿದ್ದಿರುತ್ತಿತ್ತು. ನಾನು ಬಾಗಿಲಿಗೆ ಬಂದು ಎದೆ ತುಂಬ ಉಸಿರೆಳೆದುಕೊಂಡು "ಆಯ್ತು" ಎನ್ನುತ್ತಿದ್ದೆ, ಇಷ್ಟು ದಿನ ಸುಳ್ಳು ಕೂಗಿದೆನಲ್ಲ, ಇನ್ನು ನಿಜ ಎಂದುಕೊಳ್ಳುತ್ತಾ. ಕೂಗು ಮುಂದೆ ಹೋಗುತ್ತಿತ್ತು. ಕಮಲಾಕ್ಷಮ್ಮ ಕೊನೆಯಲ್ಲಿ ಎಳೆಯುತ್ತಿದ್ದರು. ಎಲ್ಲರೂ ಕತ್ತಲಲ್ಲಿ ಕಣ್ಣುಮುಚ್ಚಿ ಕಾಯುತ್ತಿದ್ದೆವು. ನಿದ್ದೆ ಬರುತ್ತಿರಲಿಲ್ಲ. ಮೊದಲ ಕೋಳಿ ಕೂಗುವ ಹೊತ್ತಿಗೆ ಒಂದು ತುಣುಕು ಬಂದು, ಬಂದದ್ದು ತಿಳಿಯುವುದರೊಳಗೆ ಹರಿದುಹೋಗುತ್ತಿತ್ತು. ಹೀಗಿರುವಾಗ ಜಯಣ್ಣ ಹಾಲಿನ ಅಂಗಡಿಯ ಮುಂದೆ ಆ ಮಾತು ಹೇಳಿದ್ದು. ಸಂಜೆ ಕಮಲಾಕ್ಷಮ್ಮನ ಹಿಟ್ಟಿನ ಗಿರಣಿಗೆ ಬರಬೇಕೆಂದು ಕರೆ ಬಂತು.

ಕಮಲಾಕ್ಷಮ್ಮ ಬೀದಿಯ ಹಿರಿಯರು. ಕೊನೆಯ ಕೂಗು ಅವರದಾದ್ದರಿಂದ ನಿದ್ದೆಯೇ ತಮ್ಮ ಮನೆಯಿಂದ ಸರಬರಾಜಾಗುತ್ತದೆ ಎಂಬ ಗತ್ತು. ಮೆಣಸಿನಕಾಯಿ ಮೂಟೆಯ ಮೇಲೆ ಕೂತಿದ್ದರು. ಗಿರಣಿಯ ಬೆಲ್ಟು ನಿಂತಿತ್ತು. ಜನರ ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತು ಎಲ್ಲರೂ ಒಂದೇ ಮನೆಯ ಮುದುಕರ ಹಾಗೆ ಕಾಣುತ್ತಿದ್ದರು.

"ನೋಡಮ್ಮ ವಿಶಾಲಾಕ್ಷಿ," ಅವರು ಶುರುಮಾಡಿದರು, "ನಿನ್ನ ಮೇಲೆ ನಮಗೇನೂ ದ್ವೇಷ ಇಲ್ಲ. ಆದ್ರೆ ಮೊನ್ನೆ ಬೀದಿಯ ಹುಡುಗನೊಬ್ಬ ಸೈಕಲ್ ಮೇಲೆ ತೂಕಡಿಸಿ ಮೋರಿಗೆ ಬಿದ್ದ. ಯಾರದ್ದಾದ್ರೂ ಜೀವ ಹೋದ್ಮೇಲೆ ಮಾತಾಡೋದಾ?"

"ನನ್ನ ಮಗಳ ಫೋನಿಗೆ ಒಂಬತ್ತಕ್ಕೇ ಬೀಗ ಬೀಳುತ್ತೆ. ಬೇಕಾದ್ರೆ ನೋಡಿ," ಎಂದು ನನ್ನ ಫೋನು ಚಾಚಿದೆ. ಯಾರೂ ಮುಟ್ಟಲಿಲ್ಲ.

"ಇನ್ನೊಂದು ಫೋನ್ ಇಟ್ಕೊಂಡಿರ್ತಾಳೆ," ಎಂದ ಜಯಣ್ಣ. "ರಾತ್ರಿ ಎರಡು ಗಂಟೆಗೆ ನಿಮ್ ಮನೆ ಕಿಟಕೀಲಿ ಬೆಳಕು ನಾನೇ ಕಣ್ಣಾರೆ ಕಂಡೆ."

"ಎರಡು ಗಂಟೆಗೆ ನೀವ್ಯಾಕೆ ಎದ್ದಿದ್ರಿ?"

"ನಿಮ್ ಹುಡ್ಗಿ ಎದ್ದಿದ್ದಕ್ಕೆ!"

"ನೀವು ಎದ್ದು ಕಿಟಕಿ ನೋಡ್ತಾ ನಿಂತಿದ್ದಕ್ಕೆ ಅವಳಿಗೆ ನಿದ್ದೆ ಬಂದಿಲ್ಲ ಅಂತ ನಾನಂದ್ರೆ?"

"ಅದು ಹೇಗಾಗುತ್ತೆ? ಮೊದಲು ಎದ್ದಿದ್ದು ಅವಳು."

"ನೀವು ಕಂಡ್ರಾ?"

"ಕಂಡೆ ಅಂತಿದೀನಲ್ಲಾ!"

"ಎದ್ದೇ ಇದ್ರಿ ಅಂತಾಯ್ತಲ್ಲಾ!"

ಗಿರಣಿಯಲ್ಲಿದ್ದ ಕೆಲವರಿಗೆ ಮಾತು ತಟ್ಟಿತು. ತಟ್ಟಿದ್ದು ಮುಖದಲ್ಲಿ ಕಂಡಿತು, ಆಮೇಲೆ ಆಯಾಸ ಅದನ್ನು ಒರೆಸಿಹಾಕಿತು. ನಿದ್ದೆಗೆಟ್ಟವರಿಗೆ ನ್ಯಾಯ ಬೇಕಿರುವುದಿಲ್ಲ, ತಪ್ಪು ಕಟ್ಟಲು ಯಾರದಾದರೂ ಕುತ್ತಿಗೆ ಬೇಕಿರುತ್ತದೆ. ನಾನು ಬಿಡಲಿಲ್ಲ. ಮೂಲೆಯಲ್ಲಿ ಕಮಲಾಕ್ಷಮ್ಮನ ಮೊಮ್ಮಗ ಚಿರಂತ, ಹದಿನೇಳರ ಹುಡುಗ, ಅಂಗೈಯಗಲದ ಫೋನಿನಲ್ಲಿ ಬೆರಳಾಡಿಸುತ್ತಾ ನಿಂತಿದ್ದ. ಅವನನ್ನು ತೋರಿಸಿದೆ. "ಅವನದ್ದು ಎಷ್ಟೊತ್ತಿಗೆ ಬಂದ್ ಆಗುತ್ತೆ?"

"ಅವನು ಡಾಕ್ಟರ್ ಎಂಟ್ರೆನ್ಸಿಗೆ ಓದ್ತಿದಾನೆ. ಕ್ಲಾಸೆಲ್ಲ ಅದ್ರಲ್ಲೇ," ಎಂದರು ಕಮಲಾಕ್ಷಮ್ಮ.

"ರಾತ್ರೀನೂ?"

"ಗಂಡುಹುಡುಗ್ರು ಓದೋದು ರಾತ್ರಿ ತಾನೇ."

"ಹಾಗಾದ್ರೆ ರಾತ್ರಿ ಎದ್ದಿರ್ತಾನೆ!"

"ಅವನು ಓದಿ ಮುಗಿಸಿದ್ಮೇಲೇ ನಾನು ಕೂಗೋದು ಕಣಮ್ಮ. ನಮ್ಮನೇಲಿ ಸುಳ್ಳು ‘ಆಯ್ತು’ ಹುಟ್ಟಿಲ್ಲ." ಅವರು ದನಿ ಏರಿಸಲಿಲ್ಲ. "ಒಂದು ಕೆಲ್ಸ ಮಾಡೋಣ. ನಿನ್ನ ಮಗಳನ್ನ ಒಂದಷ್ಟು ದಿನ ಛತ್ರಕ್ಕೆ ಬಿಡು. ಅವಳಿಲ್ದಾಗ ಬೀದಿಗೆ ನಿದ್ದೆ ಬಂತು ಅಂದ್ರೆ ನಿನಗೂ ಗೊತ್ತಾಗುತ್ತೆ. ಬರ್ಲಿಲ್ವಾ, ನಾವೇ ಬಂದು ಕರ್ಕೊಂಡು ಬರ್ತೀವಿ."

ಹದಿನೈದು ಮನೆಯವರು ತಲೆಯಾಡಿಸಿದರು. ಹದಿನಾರನೆಯವನಾಗಿ ನನ್ನ ಗಂಡನೂ ಆಡಿಸಿದ. ದಾರಿಯಲ್ಲಿ ನಾನು ಅವನ ಜೊತೆ ನಡೆಯಲಿಲ್ಲ. ಅವನು ಹಿಂದಿನಿಂದ ಓಡಿಬಂದು, "ನಾಲ್ಕು ದಿನ ತಾನೇ ವಿಶಾಲೂ. ಛತ್ರದ ಬೋರಮ್ಮ ನೋಡ್ಕೋತಾಳೆ. ಊರ ಬಾಯಿ ಮುಚ್ಚುತ್ತೆ," ಎಂದ.

"ಊರ ಬಾಯಿ ಮುಚ್ಚೋಕೆ ನನ್ನ ಮಗಳೇ ಬೇಕಾ? ನಿಮ್ಮ ಟವೆಲ್ ಇತ್ತಲ್ಲ, ತುರುಕಬೇಕಿತ್ತು."

ಆದರೂ ಕಳಿಸಿದೆ. ಬರೆಯುವಾಗಲೂ ಕೈ ಬಿಸಿಯಾಗುತ್ತದೆ, ಕಳಿಸಿದೆ. ಅವರು ಸೋಲುವುದನ್ನು ನೋಡಬೇಕಿತ್ತು ನನಗೆ. ಪ್ರಣತಿ ಎರಡು ಜೊತೆ ಬಟ್ಟೆ, ಗಣಿತದ ಪುಸ್ತಕ, ಬೀಗ ಬಿದ್ದ ಫೋನು ಇಟ್ಟುಕೊಂಡು ಚೀಲದ ಜಿಪ್ಪು ಎಳೆದಳು. ಅಳಲಿಲ್ಲ.

"ಅಲ್ಲಿ ಯಾರೂ ಕೂಗಲ್ವಾ ಅಮ್ಮ?"

"ಇಲ್ಲ."

"ಮತ್ತೆ ಮಲಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ನಿದ್ದೆ ಬಂದ್ರೆ ಗೊತ್ತಾಗುತ್ತೆ. ಹೋಗು."

ಅಪ್ಪನ ಸ್ಕೂಟರಿನ ಹಿಂದೆ ಕೂತು ಹೋದಳು. ಕಿಟಕಿಗಳಲ್ಲಿ ಮುಖಗಳಿದ್ದವು. ಯಾರೋ ಕೈ ಬೀಸಿದರು ಕೂಡ, ಪ್ರವಾಸಕ್ಕೆ ಕಳಿಸುವ ಹಾಗೆ.

ಆ ರಾತ್ರಿ ಬೀದಿ ಹಬ್ಬದ ಹಿಂದಿನ ದಿನದಂತಿತ್ತು. ಎಲ್ಲರೂ ಬೇಗ ಉಂಡರು. ಮೊದಲ ಮನೆಯವರು ಪಾತ್ರೆಯನ್ನೂ ತೊಳೆಯದೆ ಕೂಗಿದರು. ನಾನು ಬಾಗಿಲಿಗೆ ಬಂದು, ಖಾಲಿ ಹಾಸಿಗೆಗೆ ಬೆನ್ನು ತಿರುಗಿಸಿ, "ಆಯ್ತು" ಎಂದೆ. ಕಮಲಾಕ್ಷಮ್ಮನ ಕೊನೆಯ ಕೂಗಿನಲ್ಲಿ ಒಂದು ಹುರುಪಿತ್ತು. ಆಮೇಲೆ ಕತ್ತಲು. ಆಮೇಲೆ ನನ್ನ ಫೋನು ನಡುಗಿತು. ಬೀದಿಯ ವಾಟ್ಸಾಪ್ ಗ್ರೂಪು.

"ಬಂತಾ?" ಎಂದು ಜಯಣ್ಣ.

"ಇನ್ನೂ ಇಲ್ಲ. ನಿಮಗೆ?"

"ಬರೋ ಹಾಗಿದೆ. ಕಣ್ಣು ಭಾರ ಆಗ್ತಿದೆ."

"ಎಲ್ರೂ ಸುಮ್ನೆ ಮಲಗಿ. ಬರುತ್ತೆ." ಇದು ಕಮಲಾಕ್ಷಮ್ಮ.

"ಅಮ್ಮಾ, ಬಂದ್ಮೇಲೆ ಬಂತು ಅಂತ ಹೇಗೆ ಹೇಳೋದು?"

"ಒಬ್ರು ನೋಡ್ಕೊಂಡಿರಿ. ಬಂದ್ರೆ ಟೈಮ್ ಬರ್ದಿಡಿ, ನಾಳೆ ವಿಶಾಲಾಕ್ಷಿಗೆ ತೋರಿಸೋಕೆ ಬೇಕಾಗುತ್ತೆ." ಇದೂ ಕಮಲಾಕ್ಷಮ್ಮ.

"ನಾನು ನೋಡ್ಕೊಂಡಿರ್ತೀನಿ," ಎಂದು ಜಯಣ್ಣ. ಅದರ ಕೆಳಗೆ ಮತ್ತೊಬ್ಬರು, ನಾನೂ ಇರುತ್ತೇನೆ ಎಂದು. ಆಮೇಲೆ ಇನ್ನೊಬ್ಬರು. ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಿದ್ದವು.

ನಾನು ಆ ಗ್ರೂಪಿನಲ್ಲಿದ್ದೇನೆ ಎಂಬುದನ್ನೇ ಮರೆತಿದ್ದರು. ಕತ್ತಲಲ್ಲಿ ಎದ್ದು ಕೂತು ಎಲ್ಲವನ್ನೂ ಓದಿದೆ. ಪಕ್ಕದಲ್ಲಿ ಮಹದೇಶನ ಹೊದಿಕೆಯೂ ನೀಲಿಯಾಗಿತ್ತು. ಕಿಟಕಿ ತೆರೆದು ನೋಡಿದರೆ ಬೀದಿಯ ಎರಡೂ ಬದಿ ಕಿಟಕಿ ಕಿಟಕಿಯಲ್ಲಿ ಅದೇ ಬೆಳಕು. ನಿದ್ದೆ ಬಂತೋ ಇಲ್ಲವೋ ನೋಡಲು ಇಡೀ ಬೀದಿ ಎಚ್ಚರವಾಗಿ ಕೂತಿತ್ತು. ನನಗೆ ನಗು ಬರಬೇಕಿತ್ತು. ಬಂದದ್ದು ಮಾತ್ರ ಬೇರೆ, ಅದಕ್ಕೆ ಹೆಸರಿದ್ದರೆ ಬೈಗುಳದಲ್ಲೇ ಇರಬೇಕು.

ಮರುದಿನ ಹಾಗೇ ಆಯಿತು. ಅದರ ಮರುದಿನವೂ. ಆಮೇಲೆ ನಲ್ಲಿಯ ಹತ್ತಿರ ಕಮಲಾಕ್ಷಮ್ಮ ಸಿಕ್ಕರು. ಕೊಡಗಳು ಸಾಲಾಗಿದ್ದವು, ಹೆಂಗಸರು ಕೊಡಗಳಿಗೇ ಆತುಕೊಂಡು ಜೋಲುತ್ತಿದ್ದರು.

"ಏನಮ್ಮಾ," ಎಂದೆ, "ನನ್ನ ಮಗಳು ಸೇತುವೆಯಾಚೆ ಇದಾಳೆ. ನಿದ್ದೆ ಬಂತಾ?"

"ಬಂದಿಲ್ಲ."

"ಹಾಗಾದ್ರೆ ಕರ್ಕೊಂಡು ಬನ್ನಿ. ನೀವೇ ಬಂದು ಕರ್ಕೊಂಡು ಬರ್ತೀವಿ ಅಂದಿದ್ರಿ."

ಕಮಲಾಕ್ಷಮ್ಮ ಸೊಂಟದ ಕೊಡವನ್ನು ನಿಧಾನವಾಗಿ ಇಳಿಸಿದರು. "ಅವಸರ ಮಾಡ್ಬೇಡ. ಚಿರಂತ ಒಂದು ಮಾತು ಹೇಳ್ದ. ನೆಟ್ಟಿಗೆ ಸೇತುವೆ ಅಡ್ಡ ಬರಲ್ವಂತೆ. ಅಲ್ಲಿ ಕೂತು ನೋಡಿದ್ರೂ ಎಳೆತ ಇಲ್ಲಿವರೆಗೂ ಇರುತ್ತಂತೆ. ಇಷ್ಟು ದಿನ ಬೀದಿಯೊಳಗೆ ಅಭ್ಯಾಸ ಮಾಡಿದ ಹುಡುಗಿ ನೋಡು."

"ಎಳೆತ ಅಂದ್ರೆ ಏನು?"

"ಅದು ನಮಗೇನು ಗೊತ್ತಾಗುತ್ತೆ, ಓದೋ ಹುಡುಗ ಹೇಳ್ತಾನೆ. ಅದಕ್ಕೇ ನಾವೆಲ್ಲ ಯೋಚ್ನೆ ಮಾಡಿದ್ವಿ. ಫೋನು ಕಿತ್ಕೊಂಡು, ಒಂದು ಹದಿನೆಂಟು ತುಂಬೋವರೆಗೆ ಅಲ್ಲೇ ಇರ್ಲಿ ಅಂತ. ಆಚೆ ಊರಲ್ಲಿ ಶಾಲೆ ಇದೆ. ನೀನು ಭಾನುವಾರ ಹೋಗಿ ನೋಡ್ಕೊಂಡು ಬಾ. ಏನೀಗ, ನಮ್ಮ ಮಕ್ಕಳನ್ನ ಹಾಸ್ಟೆಲಿಗೆ ಹಾಕಲ್ವಾ?"

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಅದನ್ನೆತ್ತಿ, ಯಾರ ಮೇಲೆ ಹಾಕಬೇಕೆಂದು ಒಂದು ಕ್ಷಣ ನಿಜವಾಗಿ ಯೋಚಿಸಿದೆ. "ಕಮಲಾಕ್ಷಮ್ಮ," ಎಂದೆ, "ರಾತ್ರಿ ಗ್ರೂಪಲ್ಲಿ ಟೈಮ್ ಬರ್ದಿಡಿ ಅಂದೋರು ಯಾರು? ನೋಡ್ಕೊಂಡು ಕೂತಿರೋರು ಯಾರು? ನಿದ್ದೆ ಬಂತಾ ಬಂತಾ ಅಂತ ಬೆಳಗಾಗೋವರೆಗೆ ಫೋನ್ ಒತ್ತೋರು ನೀವು. ಎದ್ದಿರೋರು ನೀವು. ಹದಿನಾರು ಮನೆ ಫೋನಿಗೆ ಒಂಬತ್ತಕ್ಕೆ ಬೀಗ ಹಾಕ್ಸಿ. ನಾನು ಹಾಕ್ಸಿದೀನಿ, ನೀವೂ ಹಾಕ್ಸಿ. ಆಮೇಲೆ ನನ್ನ ಮಗಳ ವಿಷ್ಯ ಮಾತಾಡಿ."

"ನಮಗೂ ಬೀಗಾನಾ?" ಎಂದು ಯಾರೋ ಹಿಂದಿನಿಂದ ನಕ್ಕರು. "ನಾವೇನು ಮಕ್ಕಳಾ?"

ಆ ನಗು ಕೊಡದಿಂದ ಕೊಡಕ್ಕೆ ಹೋಯಿತು. ತೂಕಡಿಸುತ್ತಿದ್ದವರೂ ಕಣ್ಣು ಬಿಡದೆಯೇ ನಕ್ಕರು. ನಾನು ನೀರನ್ನು ಮೋರಿಗೆ ಸುರಿದು, ಖಾಲಿ ಕೊಡ ಹಿಡಿದು ಮನೆಗೆ ಬಂದೆ.

ಮಹದೇಶ ಶೇವ್ ಮಾಡಿಕೊಳ್ಳುತ್ತಿದ್ದ. ಅವನ ಕೆನ್ನೆಯಲ್ಲಿ ಎರಡು ಕಡೆ ಗಾಯವಾಗಿತ್ತು. ನಾನು ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದ್ದನ್ನು ಕನ್ನಡಿಯಲ್ಲೇ ನೋಡಿದ.

"ಎಲ್ಲಿಗೆ?"

"ಮಗಳನ್ನ ಕರ್ಕೊಂಡು ಬರ್ತೀನಿ. ಹಾಡುಹಗಲಲ್ಲಿ, ಬೀದಿ ಮಧ್ಯ ನಡೆಸ್ಕೊಂಡು ಬರ್ತೀನಿ. ಯಾವನು ತಡೀತಾನೆ ನೋಡೋಣ."

"ಜಗಳ ಆಗುತ್ತೆ."

"ಆಗ್ಲಿ."

ಅವನು ಬ್ಲೇಡು ಕೆಳಗಿಟ್ಟ. ಏನಾದರೂ ಹೇಳುತ್ತಾನೆ, ನಾನೂ ಬರುತ್ತೇನೆ ಎನ್ನುತ್ತಾನೆ ಎಂದು ಹೊಸ್ತಿಲಲ್ಲಿ ಒಂದು ಕಾಲು ಹೊರಗಿಟ್ಟು ನಿಂತೆ. "ರಾತ್ರಿ ಕೂಗೋ ಹೊತ್ತಿಗೆ ಬಂದ್ಬಿಡ್ತೀಯಾ ತಾನೇ?" ಎಂದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೇತುವೆ ದಾಟಿದ ಮೇಲೆ ಪಕ್ಕದ ಹೆಂಗಸು ನನ್ನ ಹೆಗಲಿಗೆ ಬಿದ್ದಳು, ಮುಂದಿನವನ ಹಣೆ ಕಂಬಿಗೆ ತಾಗಿ ತಾಗಿ ಟಣಟಣ ಎನ್ನುತ್ತಿತ್ತು. ನನಗೆ ಮಾತ್ರ ಬರಲಿಲ್ಲ. ಸಿಟ್ಟು ಒಳಗೆ ಕೂತು ಮಾತು ಜೋಡಿಸುತ್ತಿತ್ತು. ಕಮಲಾಕ್ಷಮ್ಮನಿಗೆ ಹೇಳಬೇಕಾದ್ದು, ಜಯಣ್ಣನಿಗೆ, ಆ ಎಳೆತದ ಚಿರಂತನಿಗೆ. ಮಗಳಿಗೂ ಒಂದು ಪಾಲು ಇಟ್ಟಿದ್ದೆ. ಮೊದಲ ದಿನ ಹೊದಿಕೆಯೊಳಗೆ ನೀನು ಹಾಗೆ ಮಾಡದಿದ್ದರೆ ಇವರ ಬಾಯಿಗೆ ನಾನು ಬೀಳುತ್ತಿದ್ದೆನೇ, ಎದ್ದೇಳು, ಚೀಲ ತೆಗೆದುಕೋ, ನಡಿ. ಛತ್ರದ ಮೆಟ್ಟಿಲು ಹತ್ತುವಾಗ ಅದನ್ನೇ ಬಾಯಲ್ಲಿ ಹಿಡಿದುಕೊಂಡಿದ್ದೆ.

ಜಗಲಿಯಲ್ಲಿ ಬೋರಮ್ಮ ಕಾಲು ಚಾಚಿ ಕೂತು ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ಬೋರಮ್ಮ ಛತ್ರ ನೋಡಿಕೊಳ್ಳುವವಳು, ಬೀದಿಯ ಬಾಣಂತಿಯರೆಲ್ಲ ಅವಳ ಕೈಯಲ್ಲೇ ಎಣ್ಣೆನೀರು ಹಾಕಿಸಿಕೊಂಡವರು. ಹಿಡಿದಿದ್ದ ಫೋನು ಪ್ರಣತಿಯದು.

"ನಿನ್ನ ಮಗಳೇ ಕೊಟ್ಟಿದ್ದು ಕಣವ್ವ," ಎಂದಳು, ನಾನು ಕೇಳುವ ಮೊದಲೇ. "ನನಗೇನೂ ಬೇಡ, ಇಟ್ಕೋ ಬೋರಜ್ಜಿ ಅಂತು. ಇದೇನೋ ಒಂಬತ್ತು ಗಂಟೆಗೆ ನಿಂತೋಗುತ್ತೆ, ಒಸಿ ಸರಿಮಾಡಿ ಕೊಡ್ತೀಯಾ? ಕೊನೇ ಭಾಗ ತಪ್ಪೋಗ್ತದೆ."

"ಎಲ್ಲಿ ಅವಳು?"

"ಮೆತ್ತಗೆ ಮಾತಾಡು. ಒಳಗವಳೆ. ಬಂದಾಗ್ಲಿಂದ ಇದೇ. ಉಣ್ಣಾಕೆ ಏಳ್ತದೆ, ಉಂಡು ಬೀಳ್ತದೆ. ಇಷ್ಟು ದಿನ ಏನು ಕಲ್ಲು ಒಡೆಸ್ತಿದ್ರೋ ಮಗೀನ ಕೈಲಿ."

ಒಳಗೆ ದೊಡ್ಡ ಹಜಾರ. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿನಿಂದ ನಾಣ್ಯ ನಾಣ್ಯವಾಗಿ ನೆಲದ ಮೇಲೆ ಬಿದ್ದಿತ್ತು. ಒಬ್ಬ ಬಾಣಂತಿ ಗೋಡೆಗೊರಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಜಮಖಾನದ ಮೇಲೆ ಇನ್ನೆರಡು ಕೂಸುಗಳು. ಅವುಗಳ ಪಕ್ಕದಲ್ಲಿ ನನ್ನ ಮಗಳು.

ಅಂಗಾತ ಬಿದ್ದಿದ್ದಳು. ಒಂದು ಕೈ ತಲೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಬಾಯಿ ಅರ್ಧ ತೆರೆದಿತ್ತು, ಜೊಲ್ಲು ಕೆನ್ನೆಯುದ್ದ ಇಳಿದು ಕಿವಿಯ ಹತ್ತಿರ ಒಣಗಿತ್ತು. ರೆಪ್ಪೆಯ ಕೆಳಗೆ ಗುಡ್ಡೆಗಳು ಆಚೀಚೆ ಓಡಾಡುತ್ತಿದ್ದವು. ನಾನು ಹೆದರಿದೆ. ಸುಳ್ಳಲ್ಲ, ಇದೇನಾಗಿದೆ ಇವಳಿಗೆ ಎಂದು ಹೆದರಿ ಬಗ್ಗಿದೆ. ಮೂಗಿನಿಂದ ಸಣ್ಣ ಸೀಟಿಯಂಥ ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಆಗ ತಿಳಿಯಿತು, ಇದು ನಿದ್ದೆ. ಇವಳು ಹತ್ತು ತಿಂಗಳ ಕೂಸಾಗಿದ್ದಾಗ ಇದೇ ಹಜಾರದಲ್ಲಿ, ಬೀದಿಗೆ ಮರಳುವ ಹಿಂದಿನ ದಿನ, ನಾನು ಕೊನೆಯ ಸಲ ಇವಳು ನಿದ್ದೆ ಮಾಡುವುದನ್ನು ನೋಡಿದ್ದು. ಆಮೇಲೆ ಇವಳು ಮಲಗಿದಾಗಲೆಲ್ಲ ನಾನೂ ಮಲಗಿದ್ದೆ. ಈ ಮುಖ ಯಾವಾಗ ಇಷ್ಟುದ್ದವಾಯಿತೋ, ಹುಬ್ಬಿನ ನಡುವೆ ಆ ಗೆರೆ ಯಾವಾಗ ಬಂತೋ. ಎಚ್ಚರವಿದ್ದಾಗ ಅದು ಸಿಟ್ಟಿನ ಗೆರೆ ಎಂದುಕೊಂಡಿದ್ದೆ. ನಿದ್ದೆಯಲ್ಲೂ ಅಲ್ಲೇ ಇತ್ತು.

ಎಬ್ಬಿಸಲು ಬಂದವಳು ಪಕ್ಕದಲ್ಲಿ ಕೂತೆ. ನಾಲ್ಕು ಗಂಟೆಯ ಬಸ್ಸು ಹಿಡಿದರೆ ಬೆಳಕಿರುವಾಗಲೇ ಬೀದಿ ಸೇರಬಹುದಿತ್ತು. ಕೈ ಚಾಚಿದೆ ಕೂಡ. ಬಾಣಂತಿ ನನ್ನನ್ನು ನೋಡಿ ತಲೆಯಲ್ಲಾಡಿಸಿದಳು, ಬೇಡ ಎಂದೋ, ಏನೆಂದೋ. ಬಸ್ಸು ಬಂತು. ಹೊರಗೆ ಹಾರ್ನ್ ಹೊಡೆಯಿತು. ಪ್ರಣತಿ ಮುಖ ಕಿವಿಚಿ ಮಗ್ಗುಲಾದಳು, ಅವಳ ಮೊಣಕಾಲು ನನ್ನ ತೊಡೆಗೆ ಒತ್ತಿಕೊಂಡಿತು. ಬಸ್ಸು ಹೋಯಿತು. ನಾನು ಕಾಲು ಜೋಮು ಹಿಡಿದರೂ ಕದಲಲಿಲ್ಲ. ಬೋರಮ್ಮ ಒಂದು ಲೋಟ ಕಾಫಿ ತಂದಿಟ್ಟು ಹೋದಳು, ಅದು ಅಲ್ಲೇ ಆರಿತು. ಸಿಟ್ಟು ಹೋಗಿರಲಿಲ್ಲ. ಮಗಳ ಪಾಲಿಗೆಂದು ಇಟ್ಟಿದ್ದೂ ಬೀದಿಯ ಪಾಲಿಗೆ ಸೇರಿ ದುಪ್ಪಟ್ಟಾಗಿತ್ತು.

ರಾತ್ರಿ ಬೀದಿಯವರು ಉಂಡು ಮುಗಿಸುವ ಹೊತ್ತಿಗೆ ಕಮಲಾಕ್ಷಮ್ಮನ ಫೋನು ಬಂತು. ಅದು ಎರಡನೆ ಸಲ ನಡುಗುವುದಕ್ಕೆ ಮೊದಲೇ ಎತ್ತಿದೆ.

"ಎಲ್ಲಿದೀಯಮ್ಮಾ? ಮಹದೇಶ ನೀನು ಬರ್ಲಿಲ್ಲ ಅಂತಿದಾನೆ. ಕೂಗೋ ಹೊತ್ತಾಯ್ತು. ನಿನ್ನ ದನಿ ಇಲ್ದೆ ಸಾಲು ಹೇಗೆ ಮುಂದೆ ಹೋಗುತ್ತೆ?"

ಜೋಡಿಸಿಟ್ಟ ಮಾತೆಲ್ಲ ಗಂಟಲಿಗೆ ಬಂದು ನೂಕಾಡಿತು. ನಾನು ಹುಟ್ಟಿನಿಂದ ಮೆತ್ತಗೆ ಜಗಳವಾಡಿದವಳಲ್ಲ, ನಮ್ಮ ತವರಿನಲ್ಲೂ ಯಾರಿಗೂ ಆ ಅಭ್ಯಾಸವಿಲ್ಲ. ಆವತ್ತು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಪಿಸುಗುಟ್ಟುತ್ತಾ ಬೈದೆ. ಮೆಣಸಿನಕಾಯಿ ಮೂಟೆಯಿಂದ ಶುರುಮಾಡಿ, ಗ್ರೂಪಿನಲ್ಲಿ ಬರೆದಿಡಲು ಹೇಳಿದ ಟೈಮು, ಗಂಡುಹುಡುಗರು ಓದುವ ರಾತ್ರಿ, ನಲ್ಲಿಯ ಹತ್ತಿರದ ನಗು, ನನ್ನ ಮಗಳಿಗೆ ನೀವು ಕೊಟ್ಟ ಐದು ವರ್ಷ, ನಿಮ್ಮ ಬೀದಿಗೆ ಬೆಂಕಿ ಬೀಳಲಿ ಎನ್ನುವವರೆಗೆ, ಒಂದೇ ಉಸಿರಿಗೆ, ಉಸಿರಿನಷ್ಟೇ ದನಿಯಲ್ಲಿ. ಕಣ್ಣಿಂದ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಆ ಸಣ್ಣ ಸೀಟಿ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

"ಏನಂತೀಯಮ್ಮಾ? ಏನೂ ಕೇಳಿಸ್ತಿಲ್ಲ," ಎಂದರು ಕಮಲಾಕ್ಷಮ್ಮ. ಅವರ ಹಿಂದೆ ಬೀದಿಯ ಗದ್ದಲವಿತ್ತು, ಜಯಣ್ಣ ಬಂದಳಾ ಬಂದಳಾ ಎಂದು ಕೇಳುತ್ತಿದ್ದ. "ಸ್ವಲ್ಪ ಜೋರಾಗಿ ಮಾತಾಡು."

"ಆಗಲ್ಲ," ಎಂದೆ. "ಮಗು ಮಲಗಿದೆ."